ಹಳೇ ಸ್ಪೆಕ್ಟ್ರಮ್‌ಗೆ ಹೊಸ ಗ್ರಾಫಿಕ್ಸ್ ಕಾರ್ಡ್: ಮನೆಯಲ್ಲೇ ಡಿಸೈನ್ ಮಾಡುವ ಬಗೆ

ಮಲ್ಲೇಶ್ವರದಲ್ಲಿರುವ ನಮ್ಮ ಸೋದರಮಾವನ ಮನೆಯ ಅಟ್ಟದಲ್ಲಿ ಡಿಬಿ ಸ್ಪೆಕ್ಟ್ರಮ್ ಪ್ಲಸ್ ಅನ್ನುವ ಒಂದು ಹಳೇ ಮನೆ ಕಂಪ್ಯೂಟರ್ ಇತ್ತು. ಬ್ರಿಟನ್ನಿನ ಝಡ್‌ಎಕ್ಸ್ ಸ್ಪೆಕ್ಟ್ರಮ್ ಪ್ಲಸ್ ಅನ್ನು ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಕಂಪನಿ ಪರವಾನಗಿ ಪಡೆದು 1986ರಲ್ಲಿ ಭಾರತದಲ್ಲಿ ಮಾರಲು ಶುರು ಮಾಡಿದ ಮಾಡೆಲ್ ಅದು. "ತಗೊಂಡು ಹೋಗಪ್ಪಾ, ಇಲ್ಲಿ ಸುಮ್ನೆ ಧೂಳು ಹಿಡೀತಾ ಇದೆ" ಅಂದರು ಮಾವ. ಮನೆಗೆ ತಂದು ಟಿವಿಗೆ ಹಾಕಿದೆ. ಇದರ ಔಟ್‌ಪುಟ್ ಯುಎಚ್‌ಎಫ್ 36ನೇ ಚಾನಲ್‌ನಲ್ಲಿ ಬರುತ್ತದೆ. ನಮ್ಮ ಈಗಿನ ಟಿವಿ ಹುಡುಕಿ ಹುಡುಕಿ ಕೊನೆಗೆ ತೋರಿಸಿದ್ದು ಮಳೆಯಲ್ಲಿ ನೆನೆದ ಹಾಗಿದ್ದ ಬೂದು ಪರದೆ. ಅಂದರೆ ಕಂಪ್ಯೂಟರ್ ಚೆನ್ನಾಗಿಯೇ ಇದೆ, ಅದರ ಮುಖ ನೋಡೋಕೆ ದಾರಿ ಇಲ್ಲ.

ಆ ದಾರಿಯನ್ನು ನಾವೇ ಮಾಡಿಕೊಳ್ಳುವ ವಿಧಾನ ಇಲ್ಲಿದೆ. ಇದೇ ಕಾರ್ಡ್ ಮೂಲ ಸ್ಪೆಕ್ಟ್ರಮ್ ಕೊಡಲಾಗದ ಬಣ್ಣಗಳನ್ನೂ ಕೊಡುತ್ತದೆ. ನಿಮಗೆ ಸೋಲ್ಡರಿಂಗ್ ಬರಬೇಕು, ಸಿ ಭಾಷೆ ಸ್ವಲ್ಪ ಗೊತ್ತಿರಬೇಕು. ಉಳಿದದ್ದು ತಾಳ್ಮೆ.

ಮೊದಲು ತೀರ್ಮಾನ: ಕಾರ್ಡ್ ಮಾತಾಡಬಾರದು, ಕೇಳಿಸಿಕೊಳ್ಳಬೇಕು

ಹಳೇ ಕಂಪ್ಯೂಟರಿಗೆ ಕಾರ್ಡ್ ಮಾಡುವವರು ಸಾಮಾನ್ಯವಾಗಿ ಮೊದಲು ಯೋಚಿಸುವುದು ಯಾವ ಚಿಪ್ ಹಾಕಬೇಕು ಅಂತ. ನನ್ನ ಪ್ರಕಾರ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ನಮ್ಮ ಕಾರ್ಡ್ ತಪ್ಪು ಮಾಡಿದರೆ ಹಳೇ ಯಂತ್ರಕ್ಕೆ ಏನಾಗುತ್ತದೆ? ಸ್ಪೆಕ್ಟ್ರಮ್‌ನ ಜೀವ ಇರೋದು ಪರದೆಯ ಚಿತ್ರ ಮಾಡುವ ಯುಎಲ್‌ಎ ಅನ್ನುವ ಚಿಪ್‌ನಲ್ಲಿ. ಅದನ್ನು ಈಗ ಯಾರೂ ತಯಾರಿಸುವುದಿಲ್ಲ. ನಮ್ಮ ಕಾರ್ಡ್ ಸಿಪಿಯು ಜೊತೆ ಜಗಳಕ್ಕೆ ಬಿದ್ದು ಒಂದೇ ವೈರಿನ ಮೇಲೆ ಇಬ್ಬರೂ ವೋಲ್ಟೇಜ್ ಹಾಕಿದರೆ ಯಾವುದಾದರೂ ಒಂದು ಸುಟ್ಟು ಹೋಗಬಹುದು. ಅದು ಹಳೆಯದೇ ಆಗಿದ್ದರೆ?

ಅದಕ್ಕೇ ಈ ಡಿಸೈನ್‌ನಲ್ಲಿ ಕಾರ್ಡ್ ಬಸ್ಸಿನ ಮೇಲೆ, ಅಂದರೆ ಸಿಪಿಯು ಮತ್ತು ಮೆಮೊರಿ ಮಾತಾಡುವ ವೈರ್‌ಗಳ ಮೇಲೆ, ಏನನ್ನೂ ಬರೆಯುವುದಿಲ್ಲ. ಸ್ಪೆಕ್ಟ್ರಮ್‌ನ ಪರದೆ ಅಂದರೆ ಮೆಮೊರಿಯಲ್ಲಿ 16384ನೇ ವಿಳಾಸದಿಂದ 6912 ಬೈಟ್. ಮೊದಲ 6144 ಬೈಟ್ ಚುಕ್ಕೆಗಳು, ಉಳಿದ 768 ಬಣ್ಣಗಳು. ಸಿಪಿಯು ಅಲ್ಲಿಗೆ ಏನೇ ಬರೆದರೂ ಆ ವಿಳಾಸ, ಆ ಡೇಟಾ ಎರಡೂ ಹಿಂಬದಿಯ ಎಡ್ಜ್ ಕನೆಕ್ಟರ್‌ನಲ್ಲಿ (ಬೋರ್ಡಿನ ಅಂಚಿನ ಲೋಹದ ಪಟ್ಟಿಗಳಲ್ಲಿ) ಕಾಣಿಸುತ್ತವೆ. ನಮ್ಮ ಕಾರ್ಡ್ ಅದನ್ನು ಕೇಳಿಸಿಕೊಂಡು ತನ್ನದೇ ಮೆಮೊರಿಯಲ್ಲಿ ಒಂದು ನಕಲು ಇಟ್ಟುಕೊಳ್ಳುತ್ತದೆ. ಆ ನಕಲನ್ನೇ ವಿಜಿಎ ಮಾನಿಟರಿಗೆ ಕಳಿಸುತ್ತದೆ. ಹಳೇ ಯಂತ್ರಕ್ಕೆ ಪಕ್ಕದಲ್ಲಿ ಯಾರೋ ಕೂತಿದ್ದಾರೆ ಅಂತಲೂ ಗೊತ್ತಾಗುವುದಿಲ್ಲ.

ಹೆಜ್ಜೆ 1: ಸಾಮಾನು

ಮಿದುಳಿಗೆ ರಾಸ್ಪ್‌ಬೆರಿ ಪೈ ಪಿಕೊ ಅನ್ನುವ ಪುಟ್ಟ ಬೋರ್ಡ್ ಸಾಕು. ಅದರ ಆರ್‌ಪಿ2040 ಚಿಪ್‌ನಲ್ಲಿ ಎರಡು ಕೋರ್, 264 ಕಿಲೋಬೈಟ್ ಮೆಮೊರಿ ಇವೆ. ಅದಕ್ಕಿಂತ ಮುಖ್ಯವಾಗಿ ಪಿಐಒ ಅನ್ನುವ ಪುಟ್ಟ ಯಂತ್ರಗಳು ಎಂಟು ಇವೆ. ಇವು ಸಿಪಿಯು ಹಂಗಿಲ್ಲದೆ ಪಿನ್‌ಗಳನ್ನು ತಾವೇ ನೋಡಿಕೊಳ್ಳುತ್ತವೆ. ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿವೆ.

ಜೊತೆಗೆ 74ಎಲ್‌ವಿಸಿ245 ಬಫರ್ (ಎಂಟು ಸಿಗ್ನಲ್‌ಗಳನ್ನು ದಾಟಿಸುವ ಚಿಪ್) ನಾಲ್ಕು, ವಿಜಿಎ ಸಾಕೆಟ್ ಒಂದು, 470 ಓಮ್, 1ಕೆ, 2ಕೆ, 390, 820 ಓಮ್ ರೆಸಿಸ್ಟರ್‌ಗಳು, 9 ವೋಲ್ಟಿನಿಂದ 5 ವೋಲ್ಟ್ ಮಾಡುವ ಚಿಕ್ಕ ಬಕ್ ಮಾಡ್ಯೂಲ್, ಒಂದು ಶಾಟ್ಕಿ ಡಯೋಡ್, ಪ್ರತಿ ಬಫರ್‌ಗೂ ಒಂದರಂತೆ 100 ನ್ಯಾನೊಫ್ಯಾರಡ್ ಕೆಪಾಸಿಟರ್. ಬಫರ್ ಕೊಳ್ಳುವಾಗ ಹೆಸರಿನ ಮಧ್ಯದ ಅಕ್ಷರ ನೋಡಿ. ಎಲ್‌ವಿಸಿ ಬದಲು ಎಚ್‌ಸಿ ಕೊಟ್ಟರೆ ತಗೋಬೇಡಿ. ಸ್ಪೆಕ್ಟ್ರಮ್ 5 ವೋಲ್ಟಿನ ಯಂತ್ರ, ಪಿಕೊ ಪಿನ್‌ಗಳು 3.3 ವೋಲ್ಟಿನವು. ಎಲ್‌ವಿಸಿ ಬಫರ್ 3.3 ವೋಲ್ಟಿನಲ್ಲಿ ಓಡುತ್ತಲೇ 5 ವೋಲ್ಟ್ ಇನ್‌ಪುಟ್ ತಾಳಿಕೊಳ್ಳುತ್ತದೆ. ಎಚ್‌ಸಿ ತಾಳುವುದಿಲ್ಲ.

ಎಡ್ಜ್ ಕನೆಕ್ಟರ್ ಸಾಕೆಟ್ ಸಿಗುವುದೇ ಕಷ್ಟ. ಸ್ಪೆಕ್ಟ್ರಮ್‌ಗೆ ಬೇಕಿರುವುದು ಎರಡೂ ಬದಿಯಲ್ಲಿ 28 ಸ್ಥಾನ ಇರುವ, 2.54 ಮಿಲಿಮೀಟರ್ ಅಂತರದ ಸಾಕೆಟ್. ಅದೇ ಅಂತರ ಇರೋದು ಹಳೇ ಪಿಸಿಗಳ ಐಎಸ್‌ಎ ಸ್ಲಾಟ್‌ನಲ್ಲಿ. ಎಸ್‌.ಪಿ. ರೋಡಿನ ಒಳಗಲ್ಲಿಯಲ್ಲಿ ಹಳೇ ಮದರ್‌ಬೋರ್ಡ್ ರಾಶಿ ಹಾಕಿಕೊಂಡ ಒಂದು ಅಂಗಡಿಯಲ್ಲಿ ನನಗೆ ಉದ್ದನೆ ಕಪ್ಪು ಸ್ಲಾಟ್ ಇರುವ ಬೋರ್ಡ್ ಸಿಕ್ಕಿತು. ಅಂಗಡಿಯವರು "ಇದು ಓಡಲ್ಲ ಸಾರ್" ಅಂತ ಎರಡು ಸಲ ಹೇಳಿದರು. ಸ್ಲಾಟ್ ಮಾತ್ರ ಸಾಕು ಅಂದಾಗ ಖುಷಿಯಿಂದ ಕೊಟ್ಟರು.

ಅದರ ದೊಡ್ಡ ಭಾಗದಲ್ಲಿ ಪ್ರತಿ ಬದಿಗೆ 31 ಸ್ಥಾನ ಇರುತ್ತವೆ. ಬೆಸುಗೆ ಹೀರುವ ಪಂಪ್‌ನಿಂದ ನಿಧಾನಕ್ಕೆ ಬಿಡಿಸಿ, ಸಣ್ಣ ಗರಗಸದಿಂದ 28ಕ್ಕೆ ಕತ್ತರಿಸಿ. ಐದನೇ ಸ್ಥಾನದ ಎರಡೂ ಪಿನ್‌ಗಳನ್ನು ಇಕ್ಕಳದಿಂದ ಎಳೆದು ತೆಗೆಯಿರಿ. ಆ ಖಾಲಿ ಜಾಗಕ್ಕೆ 1.6 ಮಿಲಿಮೀಟರ್ ಬೋರ್ಡಿನ ಒಂದು ಚೂರನ್ನು ಅಂಟಿಸಿ. ಇದೇ ಕೀಲಿ. ಇದನ್ನು ಮಾತ್ರ ದಯವಿಟ್ಟು ಬಿಡಬೇಡಿ. ಸ್ಪೆಕ್ಟ್ರಮ್‌ನ ಅಂಚಿನಲ್ಲಿ ಕೆಳಬದಿಯ ಮೂರನೇ ಸ್ಥಾನದಲ್ಲಿ 5 ವೋಲ್ಟ್, ಪಕ್ಕದ ನಾಲ್ಕನೆಯದರಲ್ಲಿ 9 ವೋಲ್ಟ್ ಇದೆ. ಕಾರ್ಡ್ ಒಂದೇ ಒಂದು ಸ್ಥಾನ ಸರಿದು ಕೂತರೂ ಎಲ್ಲಾ ಮುಗಿಯಿತು.

ಹೆಜ್ಜೆ 2: ಕರೆಂಟ್

ಸ್ಪೆಕ್ಟ್ರಮ್ ಒಳಗಿನ 7805 ರೆಗ್ಯುಲೇಟರ್ ಈಗಾಗಲೇ ಕೈ ಸುಡುವಷ್ಟು ಬಿಸಿಯಾಗುತ್ತದೆ. ಅದರ 5 ವೋಲ್ಟನ್ನು ಮುಟ್ಟಬೇಡಿ. 9 ವೋಲ್ಟ್ ಲೈನಿನಿಂದ ಬಕ್ ಮಾಡ್ಯೂಲಿಗೆ ಕೊಟ್ಟು, ಅಲ್ಲಿಂದ ಶಾಟ್ಕಿ ಡಯೋಡ್ ಮೂಲಕ ಪಿಕೊದ ವಿಸಿಸ್ (VSYS) ಪಿನ್ನಿಗೆ ಕೊಡಿ. ಡಯೋಡ್ ಇದ್ದರೆ ಪ್ರೋಗ್ರಾಮ್ ಹಾಕಲು ಯುಎಸ್‌ಬಿ ಚುಚ್ಚಿದಾಗಲೂ ಅಪಾಯ ಇಲ್ಲ. ಬಫರ್‌ಗಳಿಗೆ ಪಿಕೊ ಕೊಡುವ 3.3 ವೋಲ್ಟೇ ಸಾಕು. ಬಕ್ ಮಾಡ್ಯೂಲನ್ನು ಬೋರ್ಡಿಗೆ ಹಾಕುವ ಮುಂಚೆ ಮೀಟರ್ ಇಟ್ಟು 5 ವೋಲ್ಟಿಗೆ ಹೊಂದಿಸಿಕೊಳ್ಳಿ.

ಹೆಜ್ಜೆ 3: ಪಿನ್ ಲೆಕ್ಕ

ಇದು ನನಗೆ ತುಂಬಾ ಇಷ್ಟವಾದ ಭಾಗ. ವಿಳಾಸಕ್ಕೆ 16 ವೈರ್, ಡೇಟಾಗೆ 8, ಜೊತೆಗೆ ಡಬ್ಲ್ಯೂಆರ್ (ಬರೆಯುತ್ತಿದ್ದೇನೆ), ಎಂರೆಕ್ (ಮೆಮೊರಿ ಜೊತೆ), ಐಒರೆಕ್ (ಪೋರ್ಟ್ ಜೊತೆ, ಅಂದರೆ ಮೆಮೊರಿಯಲ್ಲದ ಸಾಧನದ ಜೊತೆ) ಅನ್ನುವ ಮೂರು ಸಿಗ್ನಲ್. ಒಟ್ಟು 27. ಪಿಕೊದಲ್ಲಿ ನಮಗೆ ಸಿಗುವ ಪಿನ್ 26. ಇನ್ನೂ ವಿಜಿಎ ಲೆಕ್ಕಕ್ಕೇ ಬಂದಿಲ್ಲ!

ದಾರಿ ಇದೆ. ಮೂರು ಬಫರ್‌ಗಳು ಒಂದೇ ಎಂಟು ಪಿನ್‌ಗಳನ್ನು ಹಂಚಿಕೊಳ್ಳಲಿ. ಒಂದು ಬಫರ್ ಡೇಟಾಗೆ, ಒಂದು ವಿಳಾಸದ ಮೇಲಿನ ಅರ್ಧಕ್ಕೆ, ಒಂದು ಕೆಳಗಿನ ಅರ್ಧಕ್ಕೆ. ಒಂದೊಂದರ ಬಾಗಿಲನ್ನು (ಔಟ್‌ಪುಟ್ ಎನೇಬಲ್ ಪಿನ್ನನ್ನು) ಸರದಿಯಲ್ಲಿ ತೆರೆದು ಓದಿಕೊಳ್ಳುವುದು. ಪಿಕೊ ಪಿನ್ 0ರಿಂದ 7 ಓದಲು, 8ರಿಂದ 10 ಮೂರು ಬಾಗಿಲಿಗೆ, 11ರಿಂದ 13 ಮೂರು ಸಿಗ್ನಲ್‌ಗೆ. 14ರಿಂದ 21 ಬಣ್ಣಕ್ಕೆ: ಕೆಂಪು 3, ಹಸಿರು 3, ನೀಲಿ 2. ಸಾಲು, ಚಿತ್ರ ಎಲ್ಲಿ ಶುರು ಅಂತ ಮಾನಿಟರಿಗೆ ಹೇಳುವ ಎರಡು ಸಿಂಕ್ ಸಿಗ್ನಲ್‌ಗೆ 22 ಮತ್ತು 26. ಒಟ್ಟು 24. ಎರಡು ಪಿನ್ ಮಿಕ್ಕವು. 27ನೆಯದನ್ನು ರೀಸೆಟ್ ಗಮನಿಸಲು ಇಟ್ಟುಕೊಳ್ಳಿ, 28ಕ್ಕೆ ಒಂದು ಬಟನ್ ಹಾಕಿ. ನಾಲ್ಕನೇ ಬಫರ್ ಮೂರು ಸಿಗ್ನಲ್ ಮತ್ತು ರೀಸೆಟ್‌ಗೆ. ಅದು ಯಾವಾಗಲೂ ತೆರೆದಿರಲಿ. ಅದರ ಉಳಿದ ಇನ್‌ಪುಟ್‌ಗಳನ್ನು ಗ್ರೌಂಡಿಗೆ ಕಟ್ಟಿ.

ಬಫರ್‌ನ ದಿಕ್ಕು ಹೇಳುವ ಒಂದನೇ ಪಿನ್ನನ್ನು ಪಿಕೊಗೆ ಕೊಡಬೇಡಿ. ಸ್ಪೆಕ್ಟ್ರಮ್ ಕಡೆಯ ವೈರ್‌ಗಳನ್ನು ಎ ಬದಿಗೆ, ಪಿಕೊ ಕಡೆಯವನ್ನು ಬಿ ಬದಿಗೆ ಹಾಕಿ, ಆ ಪಿನ್ನನ್ನು ನೇರ 3.3 ವೋಲ್ಟಿಗೆ ಬೆಸೆದುಬಿಡಿ. ಆಗ ನಮ್ಮ ಪ್ರೋಗ್ರಾಮಿನಲ್ಲಿ ಎಂಥಾ ತಪ್ಪಿದ್ದರೂ ಕಾರ್ಡ್ ಬಸ್ಸಿನ ಮೇಲೆ ಬರೆಯಲು ಸಾಧ್ಯವೇ ಇಲ್ಲ. ಮೊದಲು ಮಾಡಿದ ತೀರ್ಮಾನವನ್ನು ಹೀಗೆ ತಾಮ್ರದಲ್ಲೇ ಬರೆದಿಡಬೇಕು.

ಹೆಜ್ಜೆ 4: ಬಣ್ಣದ ರೆಸಿಸ್ಟರ್

ವಿಜಿಎ ಮಾನಿಟರ್ ಪ್ರತಿ ಬಣ್ಣಕ್ಕೂ 0ರಿಂದ 0.7 ವೋಲ್ಟ್ ಕೇಳುತ್ತದೆ. ಅದರ ಒಳಗೆ 75 ಓಮ್ ಇರುತ್ತದೆ. ಕೆಂಪಿನ ಮೂರು ಪಿನ್‌ಗಳಿಗೆ 470, 1ಕೆ, 2ಕೆ ಹಾಕಿ ಒಂದೆಡೆ ಸೇರಿಸಿ. ಮೂರೂ ಸಮಾನಾಂತರವಾಗಿ ಸೇರಿದರೆ ಸುಮಾರು 276 ಓಮ್. 3.3 ವೋಲ್ಟನ್ನು 276 ಮತ್ತು 75ರ ಮಧ್ಯೆ ಹಂಚಿದರೆ 0.706 ವೋಲ್ಟ್. ಅಂಗಡಿಯಲ್ಲಿ ಮಾಮೂಲಿಯಾಗಿ ಸಿಗುವ ರೆಸಿಸ್ಟರ್‌ಗಳಲ್ಲೇ ಇಷ್ಟು ಹತ್ತಿರ ಬರುತ್ತದೆ. ಹಸಿರಿಗೂ ಅದೇ. ನೀಲಿಯ ಎರಡು ಪಿನ್‌ಗಳಿಗೆ 390 ಮತ್ತು 820. ಅದು 0.73 ಬರುತ್ತದೆ, ಪರವಾಗಿಲ್ಲ. ಕಡಿಮೆ ಓಮ್ ಇರುವ ರೆಸಿಸ್ಟರ್ ಯಾವಾಗಲೂ ದೊಡ್ಡ ಬಿಟ್‌ಗೆ ಹೋಗಬೇಕು. ಸಿಂಕ್ ಎರಡನ್ನೂ ವಿಜಿಎ ಸಾಕೆಟ್‌ನ 13 ಮತ್ತು 14ನೇ ಪಿನ್ನಿಗೆ ನೇರ ಕೊಡಿ.

ಹೆಜ್ಜೆ 5: ಬೋರ್ಡ್

ಕೈಕ್ಯಾಡ್ ಅನ್ನುವ ಬೋರ್ಡ್ ಡಿಸೈನ್ ತಂತ್ರಾಂಶದಲ್ಲಿ ಎರಡು ಪದರದ ಬೋರ್ಡ್ ಸಾಕು. ಕೆಳಪದರ ಪೂರ್ತಿ ಗ್ರೌಂಡ್ ಬಿಡಿ. ಕೆಪಾಸಿಟರ್‌ಗಳು ಬಫರ್‌ನ ಪವರ್ ಪಿನ್ನಿಗೆ ಅಂಟಿಕೊಂಡಂತಿರಲಿ. ಫ್ಯಾಬ್ರಿಕೇಶನ್‌ಗೆ ಕಳಿಸುವ ಮುಂಚೆ ಬೋರ್ಡನ್ನು ಕಾಗದದ ಮೇಲೆ ಅಸಲಿ ಅಳತೆಯಲ್ಲಿ ಪ್ರಿಂಟ್ ತೆಗೆದು, ರಟ್ಟಿಗೆ ಅಂಟಿಸಿ, ಸಾಕೆಟ್ ಚುಚ್ಚಿ, ಸ್ಪೆಕ್ಟ್ರಮ್ ಹಿಂದೆ ಹಿಡಿದು ನೋಡಿ. ನಾನು ಹಾಗೆ ನೋಡಿದಾಗಲೇ ಮೇಲ್ಬದಿ, ಕೆಳಬದಿ ಅದಲುಬದಲಾಗಿದ್ದು ಗೊತ್ತಾಗಿದ್ದು. ಕನೆಕ್ಟರನ್ನು ಹಿಂದಿನಿಂದ ನೋಡುವುದಕ್ಕೂ ಕೀಬೋರ್ಡ್ ಕಡೆಯಿಂದ ನೋಡುವುದಕ್ಕೂ ಎಡಬಲ ಬದಲಾಗುತ್ತದೆ, ಅಲ್ವಾ?

ಹೆಜ್ಜೆ 6: ಕೇಳಿಸಿಕೊಳ್ಳುವ ಪ್ರೋಗ್ರಾಮ್

ಸ್ಪೆಕ್ಟ್ರಮ್‌ನ ಝಡ್80 ಸಿಪಿಯು 3.5 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ. ಒಂದು ಗಡಿಯಾರದ ಬಡಿತಕ್ಕೆ ಸುಮಾರು 286 ನ್ಯಾನೊಸೆಕೆಂಡ್. ಮೆಮೊರಿಗೆ ಬರೆಯುವಾಗ ಡಬ್ಲ್ಯೂಆರ್ ಸಿಗ್ನಲ್ ಹೆಚ್ಚುಕಮ್ಮಿ ಒಂದು ಬಡಿತದಷ್ಟು ಹೊತ್ತು ಕೆಳಗಿಳಿದಿರುತ್ತದೆ. 250 ನ್ಯಾನೊಸೆಕೆಂಡ್ ಅಂತ ಹಿಡಿಯಿರಿ. ಪಿಕೊ 125 ಮೆಗಾಹರ್ಟ್ಸ್‌ನಲ್ಲಿ ಓಡಿದರೆ ಅದರ ಒಂದು ಹೆಜ್ಜೆ 8 ನ್ಯಾನೊಸೆಕೆಂಡ್. ನಮ್ಮ ಕೈಯಲ್ಲಿ ಸುಮಾರು 30 ಹೆಜ್ಜೆ ಇವೆ.

ಒಂದು ಪಿಐಒ ಯಂತ್ರಕ್ಕೆ ಈ ಕೆಲಸ ಕೊಡಿ:

1. ಡಬ್ಲ್ಯೂಆರ್ ಕೆಳಗಿಳಿಯುವ ತನಕ ಕಾಯಿ.
2. ಡೇಟಾ ಬಾಗಿಲು ತೆರೆ, ಐದು ಹೆಜ್ಜೆ ಕಾಯಿ, 0ನೇ ಪಿನ್ನಿನಿಂದ 14 ಬಿಟ್ ಓದು.
3. ಎಲ್ಲಾ ಬಾಗಿಲು ಮುಚ್ಚು. ಮೇಲಿನ ವಿಳಾಸದ ಬಾಗಿಲು ತೆರೆ, ಕಾಯಿ, 8 ಬಿಟ್ ಓದು.
4. ಮತ್ತೆ ಮುಚ್ಚು. ಕೆಳಗಿನ ವಿಳಾಸ ತೆರೆ, ಕಾಯಿ, 8 ಬಿಟ್ ಓದು.
5. ಬಾಗಿಲು ಮುಚ್ಚು. ಡಬ್ಲ್ಯೂಆರ್ ಮೇಲೇಳುವ ತನಕ ಕಾಯಿ. ಮತ್ತೆ ಮೊದಲಿಗೆ.

ಎರಡನೇ ಸಾಲಿನಲ್ಲಿ 8ರ ಬದಲು 14 ಓದಿದ್ದು ಯಾಕೆ? ಎಂರೆಕ್ ಮತ್ತು ಐಒರೆಕ್ ಪಿನ್‌ಗಳೂ ಅದರಲ್ಲೇ ಸೇರಿ ಬರುತ್ತವೆ. ಇದು ಮೆಮೊರಿಗೆ ಬರೆದದ್ದೋ ಪೋರ್ಟಿಗೆ ಬರೆದದ್ದೋ ಅಂತ ಬೇರೆ ಕೇಳಬೇಕಾಗಿಲ್ಲ. 14, 8, 8 ಸೇರಿ 30 ಬಿಟ್. ಒಂದು 32 ಬಿಟ್ ಪದದಲ್ಲಿ ಇಡೀ ಘಟನೆ ಬಂದು ಕೂರುತ್ತದೆ.

ಮಧ್ಯದ "ಮುಚ್ಚು" ಬೇಡ ಅನ್ನಿಸಬಹುದು. ಮೊದಲು ನಾನೂ ಬಿಟ್ಟಿದ್ದೆ. ಆಗ ಕ್ಷಣಮಾತ್ರ ಎರಡು ಬಫರ್ ಒಟ್ಟಿಗೆ ತೆರೆದುಕೊಂಡು ಒಂದೇ ವೈರಿನ ಮೇಲೆ ಗುದ್ದಾಡುತ್ತವೆ. ಪರದೆಯ ಮೇಲೆ ಅದು ಕಂಡಿದ್ದು ಹೀಗೆ: ಕೊನೇ ಸಾಲಿನ ಅಕ್ಷರಗಳ ನಡುವೆ ಒಂದೇ ಒಂದು ಕರಿ ಚುಕ್ಕೆ. ಯಾವ ಕೀ ಒತ್ತಿದರೂ ಒಂದು ಸಲ ಇರುತ್ತಿತ್ತು, ಒಂದು ಸಲ ಇರುತ್ತಿರಲಿಲ್ಲ. ಎರಡು ರಾತ್ರಿ ಆ ಚುಕ್ಕೆಯ ಹಿಂದೆ ಹೋದವು. 8 ನ್ಯಾನೊಸೆಕೆಂಡಿನ ಒಂದು ಹೆಜ್ಜೆ ಸೇರಿಸಿದ ಮೇಲೆ ಮತ್ತೆ ಬರಲಿಲ್ಲ.

ಈ ಪದಗಳನ್ನು ತೆಗೆದುಕೊಳ್ಳಲು ಒಂದು ಕೋರನ್ನು ಪೂರ್ತಿ ಮೀಸಲಿಡಿ. ಅದರ ಕೋಡ್ ಫ್ಲ್ಯಾಶ್‌ನಲ್ಲಿ ಬೇಡ, ರಾಮ್‌ನಲ್ಲಿ ಇರಲಿ. ಫ್ಲ್ಯಾಶ್‌ನಿಂದ ಓದುವಾಗ ಒಮ್ಮೊಮ್ಮೆ ತಡವಾಗುತ್ತದೆ. ವಿಳಾಸ 16384ರಿಂದ 23295ರ ಒಳಗಿದ್ದರೆ ನಕಲಿಗೆ ಬರೆಯಿರಿ. ಪೋರ್ಟ್ ಬರಹವಾಗಿದ್ದು ವಿಳಾಸ ಸಮಸಂಖ್ಯೆಯಾಗಿದ್ದರೆ ಕೆಳಗಿನ ಮೂರು ಬಿಟ್ ಬಾರ್ಡರ್ (ಚಿತ್ರದ ಸುತ್ತಲಿನ ಅಂಚು) ಬಣ್ಣ. ಯುಎಲ್‌ಎ ಎಲ್ಲಾ ಸಮಸಂಖ್ಯೆ ಪೋರ್ಟ್‌ಗಳಿಗೂ ಓಗೊಡುತ್ತದೆ.

ಸ್ಪೆಕ್ಟ್ರಮ್ ಆನ್ ಆದ ತಕ್ಷಣ ಪಿಕೊ ಇನ್ನೂ ಏಳುತ್ತಿರುತ್ತದೆ, ಮೊದಲ ಬರಹ ತಪ್ಪಿ ಹೋಗುವುದಿಲ್ಲವೇ? ತಪ್ಪುತ್ತದೆ, ಆದರೆ ತೊಂದರೆಯಿಲ್ಲ. ಸ್ಪೆಕ್ಟ್ರಮ್ ಮೊದಲು ತನ್ನ ಮೆಮೊರಿ ಪರೀಕ್ಷೆ ಮಾಡಿಕೊಂಡು ಆಮೇಲೆ ಪರದೆ ಅಳಿಸುತ್ತದೆ. ಅಷ್ಟರಲ್ಲಿ ಪಿಕೊ ಎದ್ದಿರುತ್ತದೆ.

ಹೆಜ್ಜೆ 7: ಚಿತ್ರ ಬರೆಯುವುದು

ಇನ್ನೊಂದು ಕೋರ್ ವಿಜಿಎ ನೋಡಿಕೊಳ್ಳಲಿ. 640×480, ಒಂದು ಸಾಲಿಗೆ ಒಟ್ಟು 800 ಪಿಕ್ಸೆಲ್ ಹೊತ್ತು, ಒಂದು ಚಿತ್ರಕ್ಕೆ 525 ಸಾಲು. ನಿಯಮದ ಪ್ರಕಾರ ಪಿಕ್ಸೆಲ್ ಗಡಿಯಾರ 25.175 ಮೆಗಾಹರ್ಟ್ಸ್. 125ನ್ನು 5ರಿಂದ ಭಾಗಿಸಿ 25 ಕೊಟ್ಟರೂ ಮಾನಿಟರ್‌ಗಳು ಒಪ್ಪುತ್ತವೆ. ಸ್ಪೆಕ್ಟ್ರಮ್‌ನ 256×192ನ್ನು ಎರಡರಷ್ಟು ಮಾಡಿದರೆ 512×384. ಎಡಬಲಕ್ಕೆ 64, ಮೇಲೆ ಕೆಳಗೆ 48 ಬಾರ್ಡರಿಗೆ ಉಳಿಯುತ್ತದೆ. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತದೆ.

ಸಾಲುಗಳ ಜೋಡಣೆ ಮಾತ್ರ ವಿಚಿತ್ರ. 16384ರಲ್ಲಿ ಮೊದಲ ಸಾಲು ಇದ್ದರೆ ಎರಡನೆಯದು 32 ಬೈಟ್ ಮುಂದೆ ಇರಬೇಕಿತ್ತು. ಅದು ಇರೋದು 256 ಬೈಟ್ ಮುಂದೆ, 16640ರಲ್ಲಿ. ಸಾಲಿನ ಸಂಖ್ಯೆಯ ಕೆಳಗಿನ ಮೂರು ಬಿಟ್ ವಿಳಾಸದ 8, 9, 10ನೇ ಬಿಟ್‌ಗೆ ಹೋಗುತ್ತವೆ. ನಡುವಿನ ಮೂರು 5, 6, 7ಕ್ಕೆ. ಮೇಲಿನ ಎರಡು 11, 12ಕ್ಕೆ. ಬಣ್ಣದ ಬೈಟ್‌ನಲ್ಲಿ ಕೆಳಗಿನ ಮೂರು ಬಿಟ್ ಅಕ್ಷರದ ಬಣ್ಣ, ಮುಂದಿನ ಮೂರು ಹಿನ್ನೆಲೆ, ಆರನೆಯದು ಹೊಳಪು, ಏಳನೆಯದು ಮಿನುಗು.

ಬಾರ್ಡರ್ ಬಣ್ಣವನ್ನು ಚಿತ್ರಕ್ಕೊಂದು ಸಲ ಅಲ್ಲ, ಪ್ರತಿ ಸಾಲಿಗೂ ಹೊಸದಾಗಿ ನೋಡಿ. ಆಗ ಕ್ಯಾಸೆಟ್ ಲೋಡ್ ಆಗುವಾಗ ಬರುವ ಕೆಂಪು-ತಿಳಿನೀಲಿ, ಆಮೇಲೆ ನೀಲಿ-ಹಳದಿ ಪಟ್ಟೆಗಳು ಬರುತ್ತವೆ. ಅವಿಲ್ಲದ ಸ್ಪೆಕ್ಟ್ರಮ್ ಉಪ್ಪಿಲ್ಲದ ಅಡುಗೆ.

ಒಂದು ಕೊರತೆ ಉಳಿಯುತ್ತದೆ. ಸ್ಪೆಕ್ಟ್ರಮ್ ಸೆಕೆಂಡಿಗೆ 50 ಚಿತ್ರ ಮಾಡುತ್ತದೆ, ನಮ್ಮ ವಿಜಿಎ ಸುಮಾರು 60 ತೋರಿಸುತ್ತದೆ. ಸೆಕೆಂಡಿಗೆ ಒಂಬತ್ತು ಹತ್ತು ಸಲ ಒಂದೇ ಚಿತ್ರ ಎರಡು ಸಲ ಬರುತ್ತದೆ. ನಯವಾಗಿ ಸರಿಯುವ ಆಟಗಳಲ್ಲಿ ಸಣ್ಣ ನಡುಕ ಕಾಣುತ್ತದೆ. ನಿಮ್ಮ ಮಾನಿಟರ್ 50 ಹರ್ಟ್ಸ್ ಒಪ್ಪಿದರೆ ಅದಕ್ಕೇ ಬದಲಾಯಿಸಿ. 28ನೇ ಪಿನ್ನಿನ ಬಟನ್ ಇದಕ್ಕೇ ಒಳ್ಳೆಯದು.

ಹೆಜ್ಜೆ 8: ಮೊದಲ ಸಲ ಆನ್ ಮಾಡುವುದು

ಕಾರ್ಡನ್ನು ಹಾಕುವಾಗ, ತೆಗೆಯುವಾಗ ಸ್ಪೆಕ್ಟ್ರಮ್ ಆಫ್ ಇರಲೇಬೇಕು. ಮೊದಲು ಯುಎಸ್‌ಬಿ ಕರೆಂಟಿನಲ್ಲಿ ಕಾರ್ಡೊಂದನ್ನೇ ಓಡಿಸಿ, ಮಾನಿಟರ್‌ನಲ್ಲಿ ಬಣ್ಣದ ಪಟ್ಟಿ ಬರಿಸಿ. ಆಮೇಲೆ ಮೀಟರಿನಿಂದ ಸಾಕೆಟ್‌ನ ಪಕ್ಕಪಕ್ಕದ ಪಿನ್‌ಗಳು ಒಂದಕ್ಕೊಂದು ಅಂಟಿಲ್ಲ ಅಂತ ನೋಡಿ. ಆಮೇಲೆ ಜೋಡಿಸಿ.

ಮೊದಲು ಸ್ಪೆಕ್ಟ್ರಮ್‌ನ ಬೇಸಿಕ್‌ನಲ್ಲಿ ಬಾರ್ಡರ್ 2 ಅಂತ ಕೊಡಿ. ಅಂಚು ಕೆಂಪಾದರೆ ಪೋರ್ಟ್ ಕೇಳಿಸುತ್ತಿದೆ. ಪೋಕ್ 16384,255 ಕೊಟ್ಟರೆ ಎಡಮೇಲಿನ ಮೂಲೆಯಲ್ಲಿ ಎಂಟು ಚುಕ್ಕೆಯ ಗೆರೆ ಬರಬೇಕು. ಅಕ್ಷರಗಳನ್ನು ಹತ್ತಿರದಿಂದ ನೋಡಿ, ಅವೇ ರೋಗ ಹೇಳುತ್ತವೆ. ಪ್ರತಿ ಅಕ್ಷರವೂ ಕನ್ನಡಿಯಲ್ಲಿ ಕಂಡಂತಿದ್ದರೆ ಡೇಟಾ ವೈರ್‌ಗಳು ತಿರುಗಾಮುರುಗಾ. ಅಕ್ಷರದ ಒಳಗೇ ಅಡ್ಡಗೆರೆಗಳು ಮೇಲೆ ಕೆಳಗೆ ಆಗಿದ್ದರೆ ವಿಳಾಸದ 8, 9, 10ರಲ್ಲಿ ಯಾವುದೋ ಎರಡು ಅದಲುಬದಲು. ಅಕ್ಷರ ಸರಿಯಿದ್ದು ಪರದೆಯ ಮೂರನೇ ಒಂದು ಭಾಗವೇ ಬೇರೆ ಕಡೆ ಇದ್ದರೆ 11, 12 ನೋಡಿ.

ಹೆಜ್ಜೆ 9: ಹೊಸ ಬಣ್ಣ

ಈಗ ಕಾರ್ಡ್ ಹಳೆಯದನ್ನೇ ಚೆನ್ನಾಗಿ ತೋರಿಸುತ್ತಿದೆ. ಹೊಸದು ಬೇಕಲ್ಲವೇ? ನಮ್ಮದೇ ಒಂದು ವಿಧಾನ ಕಟ್ಟಲು ಮನಸ್ಸಾಗುತ್ತದೆ. ಮಾಡಬೇಡಿ ಅನ್ನುವುದು ನನ್ನ ಸಲಹೆ. ಯುಎಲ್‌ಎಪ್ಲಸ್ ಅನ್ನುವ ಕ್ರಮ ಈಗಾಗಲೇ ಇದೆ, ಅದಕ್ಕೆ ಬರೆದ ಆಟಗಳೂ ಇವೆ. ಪೋರ್ಟ್ 48955ಕ್ಕೆ ರಿಜಿಸ್ಟರ್ ಸಂಖ್ಯೆ, 65339ಕ್ಕೆ ಅದರಲ್ಲಿ ಇಡಬೇಕಾದ ಮೌಲ್ಯ. ಒಟ್ಟು 64 ಬಣ್ಣದ ಬಟ್ಟಲು. ಪ್ರತಿ ಬಟ್ಟಲಿಗೂ ಒಂದು ಬೈಟ್: ಮೂರು ಬಿಟ್ ಹಸಿರು, ಮೂರು ಕೆಂಪು, ಎರಡು ನೀಲಿ. ನಮ್ಮ ರೆಸಿಸ್ಟರ್‌ಗಳನ್ನು ಆ ಲೆಕ್ಕಕ್ಕೇ ಹಾಕಿದ್ದು.

ಇದು ಆನ್ ಇದ್ದಾಗ ಮಿನುಗು ಮತ್ತು ಹೊಳಪಿನ ಬಿಟ್‌ಗಳು ನಾಲ್ಕು ಗುಂಪುಗಳಲ್ಲಿ ಒಂದನ್ನು ಆರಿಸುತ್ತವೆ. ಗುಂಪಿನಲ್ಲಿ ಮೊದಲ ಎಂಟು ಅಕ್ಷರಕ್ಕೆ, ಆಮೇಲಿನ ಎಂಟು ಹಿನ್ನೆಲೆಗೆ. ಪಿಕೊ ಏಳುವಾಗಲೇ 64 ಬಟ್ಟಲಿಗೂ ಮಾಮೂಲಿ ಬಣ್ಣ ತುಂಬಿಡಿ, ಇಲ್ಲದಿದ್ದರೆ ಆನ್ ಮಾಡಿದ ಕೂಡಲೇ ಪರದೆ ಕಪ್ಪಾಗುತ್ತದೆ. ರೀಸೆಟ್ ಬಂದಾಗ ಆಫ್ ಮಾಡಿ. ವಿಳಾಸದ 16 ಬಿಟ್ಟೂ ಪೂರ್ತಿ ಹೊಂದಿದರೆ ಮಾತ್ರ ಒಪ್ಪಿಕೊಳ್ಳಿ.

ಪರೀಕ್ಷೆಗೆ ಬೇಸಿಕ್‌ನಲ್ಲಿ ನಾಲ್ಕೇ ಆಜ್ಞೆ: ಔಟ್ 48955,64, ಔಟ್ 65339,1. ಇದು ಆನ್. ಆಮೇಲೆ ಔಟ್ 48955,15, ಔಟ್ 65339,158. ಹದಿನೈದನೆಯದು ಮಾಮೂಲಿ ಬಿಳಿ ಹಿನ್ನೆಲೆಯ ಬಟ್ಟಲು. 158 ಅಂದರೆ ಕೆಂಪು ಪೂರ್ತಿ, ಹಸಿರು ಅರ್ಧ, ನೀಲಿ ಮುಕ್ಕಾಲಿಗೆ ಹತ್ತಿರ. ಬಾರ್ಡರೂ ಬಿಳಿ ಇದ್ದರೆ ಅದೂ ಸೇರಿ ಇಡೀ ಪರದೆ ಫೆಬ್ರವರಿಯಲ್ಲಿ ನಮ್ಮ ರಸ್ತೆಗಳ ತಬೆಬುಯಾ ಮರದ ಬಣ್ಣಕ್ಕೆ ತಿರುಗುತ್ತದೆ. ಮೂಲ ಸ್ಪೆಕ್ಟ್ರಮ್‌ನ 15 ಬಣ್ಣಗಳಲ್ಲಿ ಈ ಗುಲಾಬಿ ಇಲ್ಲ. ಮಾವನಿಗೆ ವೀಡಿಯೊ ಕಾಲ್ ಮಾಡಿ ಇದನ್ನು ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ನಮ್ಮದೇ ಮೆಷಿನ್ನಾ?" ಅಂತ ಕೇಳಿದರು.

ನಿಮ್ಮ ಹತ್ತಿರ 128ಕೆ ಮಾಡೆಲ್ ಇದ್ದರೆ ಪೋರ್ಟ್ 32765ನ್ನೂ ಕೇಳಿಸಿಕೊಳ್ಳಬೇಕು. ಅದರ ಮೂರನೇ ಬಿಟ್ ಎರಡನೇ ಪರದೆಗೆ ಬದಲಾಯಿಸುತ್ತದೆ. ಕೆಳಗಿನ ಮೂರು ಬಿಟ್ 7 ಆಗಿದ್ದಾಗ 49152ರಿಂದ 56063ರ ತನಕ ಬರೆದದ್ದೆಲ್ಲ ಆ ಎರಡನೇ ಪರದೆಗೆ ಸೇರಿದ್ದು. 5 ಆಗಿದ್ದರೆ ಅದೇ ಜಾಗದಲ್ಲಿ ಬರೆದದ್ದು ಮೊದಲ ಪರದೆಗೆ. ಐದನೇ ಬಿಟ್ ಒಮ್ಮೆ 1 ಆದರೆ ರೀಸೆಟ್ ತನಕ ಮುಂದಿನ ಬದಲಾವಣೆಗಳನ್ನು ಲೆಕ್ಕಕ್ಕೆ ಇಡಬೇಡಿ.

ಪ್ರತಿ ಚುಕ್ಕೆಗೂ ಬೇರೆ ಬಣ್ಣದ ಪರದೆ ಬೇಕು ಅನ್ನಿಸಿದರೆ ಅದೂ ಆಗುತ್ತದೆ. 256×192 ಅಂದರೆ 49152 ಬೈಟ್, ಪಿಕೊದಲ್ಲಿ ಜಾಗ ಇದೆ. ಆದರೆ ಝಡ್80 ತನ್ನ ಓಟಿಐಆರ್ ಆಜ್ಞೆಯಿಂದ ಬೈಟ್‌ಗೆ 21 ಬಡಿತ ತಗೊಂಡು ಅಷ್ಟನ್ನೂ ಒಂದು ಪೋರ್ಟಿಗೆ ತಳ್ಳಲು ಸುಮಾರು 0.3 ಸೆಕೆಂಡ್ ಬೇಕು. ಆಟಕ್ಕೆ ಸಾಲದು. ಒಂದು ನಿಂತ ಚಿತ್ರಕ್ಕೆ ಧಾರಾಳ. ನಾನು ಮೊದಲು ಹಾಕಿದ್ದು ಆ ಅಟ್ಟದ ಫೋಟೋ.